ಪಠ್ಯಪುಸ್ತಕದ ರೋಮ್ ನೋಡಲು ಹೊರಟವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಶಾಲೆಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಕೊಲೋಸಿಯಂ ಚಿತ್ರ ನೋಡಿ, ಒಂದಲ್ಲ ಒಂದು ದಿನ ಇಲ್ಲಿಗೆ ಹೋಗಲೇಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಸಂಬಳ, ಸಾಲ, ಮಕ್ಕಳ ಶಾಲೆ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಅವರಲ್ಲಿ ಹಲವರು ಹೋಗಿಯೂ ಬರುತ್ತಾರೆ. ಆದರೆ ಹೋಗುವುದು ಹತ್ತು ದಿನಕ್ಕೆ ಆರು ದೇಶ ತೋರಿಸುವ ಬಸ್ಸಿನಲ್ಲಿ. ಕೊಲೋಸಿಯಂ ಮುಂದೆ ಇಳಿಸುತ್ತಾರೆ, ಫೋಟೊ ಆಗುತ್ತದೆ, ಮಧ್ಯಾಹ್ನದ ಊಟಕ್ಕೆ ಮತ್ತೆ ಬಸ್ಸು. ಮೂವತ್ತು ವರ್ಷ ಸಾಕಿದ ಆಸೆಗೆ ಮುಕ್ಕಾಲು ಗಂಟೆ ಸಿಕ್ಕಿತು ಎಂದು ಬೇಸರ ಪಟ್ಟವರನ್ನು ನಾನು ಬಹಳ ಕಂಡಿದ್ದೇನೆ.

ಈ ಬರಹ ಆ ಬಸ್ಸು ಹತ್ತದವರಿಗೆ. ರೋಮನ್ ಅವಶೇಷಗಳನ್ನೇ ಗುರಿಯಾಗಿಟ್ಟುಕೊಂಡು, ಎಂಟೊಂಬತ್ತು ದಿನ ತೆಗೆದಿಟ್ಟು, ಸ್ವಂತವಾಗಿ ಯೋಜಿಸಿಕೊಂಡು ಹೋಗುವುದು ಹೇಗೆ ಎಂಬುದು ಇಲ್ಲಿನ ವಿಷಯ. ಚಕ್ರವರ್ತಿಗಳ ಕಟ್ಟಡಗಳಿಗಿಂತ ಸಾಮಾನ್ಯರ ಬೀದಿಗಳಿಗೆ ಹೆಚ್ಚು ಸಮಯ ಕೊಡಿ ಎಂಬ ನನ್ನ ಪಕ್ಷಪಾತ ಉದ್ದಕ್ಕೂ ಕಾಣುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಪಟ್ಟಿಯನ್ನು ಕತ್ತರಿಸಿ

ವೆನಿಸ್, ಫ್ಲಾರೆನ್ಸ್, ಮಿಲಾನ್ ಸುಂದರ ಊರುಗಳೇ. ಈ ಸಲ ಬೇಡ. ನಿಮ್ಮ ಕನಸು ಪ್ರಾಚೀನ ರೋಮ್ ಆಗಿದ್ದರೆ ಎರಡೇ ನೆಲೆ ಸಾಕು: ರೋಮ್ ನಗರದಲ್ಲಿ ನಾಲ್ಕೈದು ರಾತ್ರಿ, ನೇಪಲ್ಸ್‌ನಲ್ಲಿ ಮೂರು ರಾತ್ರಿ. ಎರಡೂ ಊರುಗಳ ನಡುವೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ರೋಮ್‌ನಿಂದ ನೇಪಲ್ಸ್ ಹತ್ತಿರ ಜ್ವಾಲಾಮುಖಿ ಹೂತುಹಾಕಿದ ಪಾಂಪೇಯಿ ಊರಿಗೆ ಒಂದೇ ದಿನದಲ್ಲಿ ಹೋಗಿಬರುವ ಪ್ರವಾಸಗಳನ್ನು ಎಲ್ಲರೂ ಮಾರುತ್ತಾರೆ. ಅಂಥ ದಿನದಲ್ಲಿ ಅರ್ಧ ಭಾಗ ಪ್ರಯಾಣಕ್ಕೇ ಹೋಗುತ್ತದೆ, ಊರೊಳಗೆ ಕಾಲಿಡುವ ಹೊತ್ತಿಗೆ ನಡುಬಿಸಿಲು. ನೇಪಲ್ಸ್‌ನಲ್ಲಿ ಉಳಿದುಕೊಂಡರೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಹುದು.

ಕಾಲ: ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನಮ್ಮ ಶಾಲಾ ರಜೆಯ ಲೆಕ್ಕಕ್ಕೆ ಏಪ್ರಿಲ್ ಹೊಂದುತ್ತದೆ, ದಸರಾ ರಜೆಯೂ ಹೊಂದುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಹೋಗಬೇಡಿ. ಬಳ್ಳಾರಿಯ ಬಿಸಿಲು ಕಂಡವರಿಗೂ ನೆರಳೇ ಇಲ್ಲದ ಕಲ್ಲುಬೀದಿಯಲ್ಲಿ ಆರು ಗಂಟೆ ನಡೆಯುವುದು ಬೇರೆಯೇ ಅನುಭವ. ಚಳಿಗಾಲದಲ್ಲಿ ಜನ ಕಡಿಮೆ, ಬಾಡಿಗೆ ಕಡಿಮೆ. ಆದರೆ ಕತ್ತಲು ಬೇಗ ಆಗುವುದರಿಂದ ಬಯಲಿನ ತಾಣಗಳು ಬೇಗ ಮುಚ್ಚುತ್ತವೆ.

ಹೊರಡುವ ಮೊದಲು ಕಣ್ಣಿಗೆ ತಾಲೀಮು

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಫಲ ಕೊಡುವುದು ಮಾತ್ರ ಇದೇ. ತಯಾರಿಯಿಲ್ಲದೆ ಹೋದವರಿಗೆ ರೋಮನ್ ಫೋರಂ, ಅಂದರೆ ಹಳೆಯ ಊರಿನ ಮುಖ್ಯ ಚೌಕ, ಮುರಿದ ಕಂಬಗಳ ಬಯಲಾಗಿ ಕಾಣುತ್ತದೆ. ಅದರ ತಪ್ಪು ಫೋರಂನದ್ದಲ್ಲ.

ಸಾಧ್ಯವಾದರೆ ಹೊರಡುವ ಮೊದಲು ಹಂಪಿಗೆ ಒಮ್ಮೆ ಹೋಗಿ ಬನ್ನಿ, ಈ ಸಲ ದೇವಸ್ಥಾನಗಳನ್ನು ಬಿಟ್ಟು ಉಳಿದದ್ದನ್ನು ನೋಡಲು. ನೀರಿನ ಕಲ್ಲುಕಾಲುವೆ ಎಲ್ಲಿಂದ ಹೊರಟು ಯಾವ ಕೊಳಕ್ಕೆ ಸೇರುತ್ತದೆ, ಬಜಾರಿನ ಮಂಟಪಸಾಲಿನ ಅಗಲ ಎಷ್ಟು, ಮರದ ಮಾಳಿಗೆ ಸುಟ್ಟುಹೋದ ಅರಮನೆಯಲ್ಲಿ ಜಗಲಿಯೊಂದೇ ಏಕೆ ಉಳಿದಿದೆ ಎಂದು ಹುಡುಕಿ. ಇಲ್ಲದ ಗೋಡೆಯನ್ನು ಮನಸ್ಸಿನಲ್ಲಿ ಎಬ್ಬಿಸಿ ನಿಲ್ಲಿಸುವ ಅಭ್ಯಾಸ ಒಂದು ಕಡೆ ಬಂದರೆ ಎಲ್ಲ ಕಡೆಗೂ ಬರುತ್ತದೆ.

ಆಮೇಲೆ ರೋಮನ್ ಗೋಡೆಯನ್ನು ಓದುವುದು ಕಲಿಯಿರಿ. ರೋಮನ್ನರ ದೊಡ್ಡ ಕಟ್ಟಡಗಳ ಒಡಲು ಇಟ್ಟಿಗೆಯಲ್ಲ, ಕಾಂಕ್ರೀಟು. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಮಣ್ಣು ಬೆರೆಸಿ, ಕಲ್ಲುಚೂರು ಸೇರಿಸಿ ತುಂಬಿದ್ದು. ಹೊರಗೆ ಕಾಣುವ ಇಟ್ಟಿಗೆ ಅದರ ಹೊದಿಕೆ, ಅದರ ಮೇಲೆ ಒಂದು ಕಾಲದಲ್ಲಿ ಅಮೃತಶಿಲೆಯ ಹಲಗೆಗಳಿದ್ದವು. ಹಲಗೆಗಳನ್ನು ಮುಂದಿನ ಶತಮಾನಗಳ ಜನ ಕಿತ್ತು ಒಯ್ದರು. ಹಾಗಾಗಿ ನೀವು ನೋಡುವ ಕೆಂಪು ಇಟ್ಟಿಗೆಯ ರೋಮನ್ನು ಅಲ್ಲಿ ಬಾಳಿದವರು ಆ ರೂಪದಲ್ಲಿ ನೋಡಿರಲಿಲ್ಲ. ಚಿಕ್ಕ ಚೌಕ ಕಲ್ಲುಗಳನ್ನು ಓರೆಯಾಗಿ, ಬಲೆಯ ಕಣ್ಣಿನಂತೆ ಜೋಡಿಸಿದ ಗೋಡೆ ಕಂಡರೆ ಅದು ಸಾಮಾನ್ಯವಾಗಿ ಕ್ರಿ.ಪೂ. ಒಂದನೆಯ ಶತಮಾನದಿಂದ ಕ್ರಿ.ಶ. ಎರಡನೆಯ ಶತಮಾನದ ಚಕ್ರವರ್ತಿ ಹೇಡ್ರಿಯನ್ ಕಾಲದವರೆಗಿನದು. ಪೂರ್ತಿ ಇಟ್ಟಿಗೆ ಹೊದಿಕೆ ಕ್ರಿ.ಶ. ಒಂದನೆಯ ಶತಮಾನದ ಚಕ್ರವರ್ತಿ ನೀರೋ ನಂತರದ ದಿನಗಳಲ್ಲಿ ಹೆಚ್ಚು. ಇಷ್ಟು ಗೊತ್ತಿದ್ದರೆ ಮಾರ್ಗದರ್ಶಕ ಬಾಯಿ ತೆರೆಯುವ ಮೊದಲೇ ಗೋಡೆಯ ಕಾಲ ಹೇಳಬಹುದು.

ಮೂರನೆಯದು ಶಾಸನಗಳು. ಹಳ್ಳಿಯ ಗುಡಿಯ ಮುಂದಿನ ಶಾಸನದ ನಾಲ್ಕು ಅಕ್ಷರ ತಡವಿ ಓದಿದವರಿಗೆ ಲ್ಯಾಟಿನ್ ಶಾಸನ ಹೆದರಿಕೆ ಹುಟ್ಟಿಸಬೇಕಾಗಿಲ್ಲ. ಎಲ್ಲ ದೊಡ್ಡ ಅಕ್ಷರ, ಯು ಬದಲು ವಿ, ನಡುನಡುವೆ ಚುಕ್ಕೆ. ಎಸ್‌-ಪಿ-ಕ್ಯೂ-ಆರ್ ಎಂದರೆ ರೋಮ್‌ನ ಸೆನೆಟ್ ಮತ್ತು ಜನತೆ. ಐ-ಎಂ-ಪಿ ಬಂದರೆ ಚಕ್ರವರ್ತಿ, ಸಿ-ಓ-ಎಸ್ ಬಂದರೆ ಕಾನ್ಸಲ್ ಎಂಬ ಅತಿ ದೊಡ್ಡ ಅಧಿಕಾರಿಯ ಹುದ್ದೆ, ಎರಡು ಹೆಸರುಗಳ ನಡುವೆ ಒಂಟಿ ಎಫ್ ಬಂದರೆ ಮಗ. ರೋಮ್ ನಗರದ ಪ್ಯಾಂಥಿಯಾನ್ ಗುಡಿಯ ಹಣೆಯ ಮೇಲಿನ ಸಾಲನ್ನು ಇಷ್ಟರಿಂದಲೇ ಓದಬಹುದು: ಲೂಸಿಯಸ್‌ನ ಮಗ ಮಾರ್ಕಸ್ ಅಗ್ರಿಪ್ಪ, ಮೂರನೆಯ ಬಾರಿ ಕಾನ್ಸಲ್ ಆಗಿದ್ದಾಗ ಇದನ್ನು ಕಟ್ಟಿಸಿದನು. ತಮಾಷೆಯೆಂದರೆ ಈಗಿನ ಕಟ್ಟಡ ಅಗ್ರಿಪ್ಪನದಲ್ಲ. ಅವನದು ಹಾಳಾದ ಮೇಲೆ ಕ್ರಿ.ಶ. 126ರ ಆಸುಪಾಸಿನಲ್ಲಿ ಹೇಡ್ರಿಯನ್ ಕಾಲದಲ್ಲಿ ಮುಗಿದದ್ದು ಇದು. ಹಳೆಯವನ ಹೆಸರನ್ನು ಹಾಗೆಯೇ ಉಳಿಸಿದರು.

ವೀಸಾ ಮತ್ತು ಟಿಕೆಟ್

ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ. ಬೆಂಗಳೂರಿನ ವೀಸಾ ಕೇಂದ್ರದಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆ ರಜೆಗೆ ಹೋಗುವವರು ಆದಷ್ಟು ಬೇಗ ಸಮಯ ಕಾಯ್ದಿರಿಸಿಕೊಳ್ಳಿ, ಜಾಗ ಬೇಗ ತುಂಬುತ್ತದೆ. ವಯಸ್ಕರಿಗೆ ವೀಸಾ ಶುಲ್ಕ 90 ಯೂರೊ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಹಿಂದಿರುಗುವ ದಿನದಿಂದ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿಯಿರಬೇಕು. ಬ್ಯಾಂಕ್ ಖಾತೆಯ ವಿವರ, ರಜೆಯ ಪತ್ರ, ಹೋಟೆಲ್ ಮತ್ತು ವಿಮಾನದ ಕಾಯ್ದಿರಿಸುವಿಕೆ ಒಂದಕ್ಕೊಂದು ತಾಳೆಯಾಗಬೇಕು. ದಿನಾಂಕದಲ್ಲಿ ಒಂದು ದಿನದ ವ್ಯತ್ಯಾಸ ಬಂದರೂ ಪ್ರಶ್ನೆ ಏಳುತ್ತದೆ. ರದ್ದು ಮಾಡಬಹುದಾದ ಕಾಯ್ದಿರಿಸುವಿಕೆಗಳನ್ನೇ ಮಾಡಿ.

ಕೊಲೋಸಿಯಂ ಟಿಕೆಟ್ ಅಧಿಕೃತ ಜಾಲತಾಣದಲ್ಲಿ ಸುಮಾರು ಒಂದು ತಿಂಗಳು ಮುಂಚೆ ಬಿಡುಗಡೆಯಾಗುತ್ತದೆ. ಮೊಬೈಲಿನಲ್ಲಿ ಹುಡುಕಿದಾಗ ಮೇಲೆ ಬರುವ ತಾಣಗಳಲ್ಲಿ ಹಲವು ಮರುಮಾರಾಟದವು, ಬೆಲೆ ಎರಡು ಮೂರು ಪಟ್ಟು. ಟಿಕೆಟ್ ಮೇಲೆ ಹೆಸರಿರುತ್ತದೆ, ಅದು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಇನಿಷಿಯಲ್ ಬಿಡಿಸಿ ಬರೆಯುವ ನಮ್ಮ ಹೆಸರುಗಳ ಗೊಂದಲ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ಪಾಂಪೇಯಿಯಲ್ಲೂ 2024ರ ನವೆಂಬರ್‌ನಿಂದ ಹೆಸರಿನ ಟಿಕೆಟ್ ಬಂದಿದೆ, ದಿನಕ್ಕೆ 20,000 ಜನರ ಮಿತಿಯಿದೆ. ಹದಿನೆಂಟರ ಒಳಗಿನವರಿಗೆ ಇಟಲಿಯ ಸರ್ಕಾರಿ ತಾಣಗಳಲ್ಲಿ ಪ್ರವೇಶ ಉಚಿತ, ಆದರೂ ಶೂನ್ಯ ಬೆಲೆಯ ಟಿಕೆಟ್ ತೆಗೆದುಕೊಳ್ಳಬೇಕು. ವಾರದ ರಜೆಯನ್ನು ಮೊದಲೇ ಹೊಂದಿಸಿಕೊಳ್ಳಿ: ರೋಮ್ ಪಕ್ಕದ ಹಳೆಯ ಬಂದರು ಪಟ್ಟಣ ಓಸ್ಟಿಯಾ ಸೋಮವಾರ ಮುಚ್ಚಿರುತ್ತದೆ, ನೇಪಲ್ಸ್‌ನ ಪುರಾತತ್ವ ಸಂಗ್ರಹಾಲಯ ಮಂಗಳವಾರ.

ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕವೋ ಯೂರೋಪಿನ ಇನ್ನೊಂದು ನಗರದ ಮೂಲಕವೋ ರೋಮ್‌ನ ಫ್ಯೂಮಿಚಿನೊ ನಿಲ್ದಾಣ ತಲುಪುತ್ತೀರಿ. ವಿಮಾನ ಇಳಿಯುವಾಗ ಕಿಟಕಿಯ ಕಡೆ ಕೂತಿದ್ದು ಅದೃಷ್ಟವೂ ಇದ್ದರೆ, ನೆಲದ ಮೇಲೆ ಕೈವಾರ ಹಿಡಿದು ಗೆರೆ ಎಳೆದಷ್ಟು ಖಚಿತವಾದ ಆರು ಮೂಲೆಯ ಕೆರೆ ಕಾಣುತ್ತದೆ. ಅದು ಕೆರೆಯಲ್ಲ, ಚಕ್ರವರ್ತಿ ಟ್ರಾಜನ್ ಕಟ್ಟಿಸಿದ ಬಂದರು. ಸಮುದ್ರ ಹಿಂದೆ ಸರಿದು ಬಂದರು ಮಾತ್ರ ಉಳಿದಿದೆ. ನಿಮ್ಮ ಮೊದಲ ರೋಮನ್ ಅವಶೇಷ ಅದೇ, ಟಿಕೆಟ್ ಇಲ್ಲದೆ.

ಮೊದಲ ದಿನ ಓಸ್ಟಿಯಾ

ಕೊಲೋಸಿಯಂಗೆ ಓಡಲು ಕಾಲು ತುರಿಸುತ್ತದೆ. ತಡೆಯಿರಿ. ಮೊದಲು ಓಸ್ಟಿಯಾ ಆಂಟಿಕಾಗೆ ಹೋಗಿ. ಮೆಟ್ರೊ ಬಿ ಮಾರ್ಗದ ಪಿರಮಿಡೆ ನಿಲ್ದಾಣದಲ್ಲಿ ಇಳಿದು, ಪಕ್ಕದ ಪೋರ್ಟಾ ಸಾನ್ ಪಾವೊಲೊ ನಿಲ್ದಾಣದಿಂದ ಲೋಕಲ್ ರೈಲು ಹಿಡಿದರೆ ಸುಮಾರು ಅರ್ಧ ಗಂಟೆ. ನಗರದ ಸಾಮಾನ್ಯ ಟಿಕೆಟ್ಟೇ ಸಾಕು. ನಿಲ್ದಾಣದ ಹೊರಗೆ ನಿಜವಾದ ಪಿರಮಿಡ್ಡೊಂದು ನಿಂತಿರುವುದು ಕಂಡು ಬೆಚ್ಚಬೇಡಿ. ಕ್ರಿ.ಪೂ. ಒಂದನೆಯ ಶತಮಾನದ ಕೊನೆಯಲ್ಲಿ ಸೆಸ್ಟಿಯಸ್ ಎಂಬ ಅಧಿಕಾರಿ ಈಜಿಪ್ಟಿನ ಹುಚ್ಚು ಹಿಡಿದು ಕಟ್ಟಿಸಿಕೊಂಡ ಗೋರಿ ಅದು.

ಓಸ್ಟಿಯಾ ಟೈಬರ್ ನದಿ ಸಮುದ್ರ ಸೇರುವಲ್ಲಿದ್ದ ಬಂದರು ಪಟ್ಟಣ. ಜ್ವಾಲಾಮುಖಿ ಸುಡಲಿಲ್ಲ, ಶತ್ರು ಒಂದೇ ಏಟಿಗೆ ಕೆಡವಲಿಲ್ಲ. ಹೂಳು ತುಂಬಿತು, ವ್ಯಾಪಾರ ಬೇರೆಡೆ ಹೋಯಿತು, ಜನ ನಿಧಾನವಾಗಿ ಬಿಟ್ಟು ನಡೆದರು. ಆದ್ದರಿಂದಲೇ ಇಲ್ಲಿ ಹಲವು ಅಂತಸ್ತುಗಳ ಬಾಡಿಗೆ ಮನೆಗಳ ಕೆಳಗಿನ ಮಹಡಿಗಳು ಸಿಗುತ್ತವೆ. ಪಾಂಪೇಯಿಯಲ್ಲಿ ಕಾಣುವುದು ಹೆಚ್ಚಾಗಿ ಸ್ವಂತ ಮನೆಗಳು, ಇಲ್ಲಿ ಕಾಣುವುದು ರೋಮ್ ನಗರದ ಬಹುಪಾಲು ಜನ ಬದುಕಿದ ವಠಾರದ ಬಾಳು: ಕೆಳಗೆ ಅಂಗಡಿ, ಮೇಲೆ ಬಾಡಿಗೆಯ ಕೋಣೆಗಳು, ಬೀದಿಗೆ ತೆರೆದ ಮೆಟ್ಟಿಲು.

ಮುಖ್ಯ ಬೀದಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ. ನಾಟಕಶಾಲೆಯ ಹಿಂದಿನ ಚೌಕಕ್ಕೆ ಒಂದು ಗಂಟೆ ಕೊಡಿ. ಸುತ್ತಲೂ ಹಡಗು ವ್ಯಾಪಾರಿಗಳ ಕಚೇರಿಗಳು, ಪ್ರತಿ ಕಚೇರಿಯ ಮುಂದೆ ಕಪ್ಪು-ಬಿಳಿ ಮೊಸಾಯಿಕ್ ನೆಲ. ಒಂದರಲ್ಲಿ ಹಡಗು, ಇನ್ನೊಂದರಲ್ಲಿ ಧಾನ್ಯ ಅಳೆಯುವ ಕೊಳಗ, ಮತ್ತೊಂದರಲ್ಲಿ ಆನೆ. ಆನೆಯ ಕಚೇರಿ ಉತ್ತರ ಆಫ್ರಿಕದ ಸಬ್ರಾತಾ ಊರಿನವರದು, ಹೆಸರೂ ಬರೆದಿದೆ. ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದಿನ ಅಂಗಡಿ ಫಲಕಗಳ ಮೇಲೆ ನಡೆಯುವುದೆಂದರೆ ಇದೇ. ಅಲ್ಲಿಂದ ಡಯಾನಾ ಬೀದಿಗೆ ಬನ್ನಿ. ಅಲ್ಲಿ ಒಂದು ಖಾನಾವಳಿ: ಕಲ್ಲಿನ ಕಟ್ಟೆ, ಗೋಡೆಯ ಮೇಲೆ ತಿನಿಸುಗಳ ಬಣ್ಣದ ಚಿತ್ರ, ಹಿಂದೆ ಕುಳಿತು ತಿನ್ನಲು ಅಂಗಳ. ಹಿಟ್ಟಿನ ಗಿರಣಿಯಲ್ಲಿ ಕಪ್ಪು ಕಲ್ಲಿನ ಬೀಸುವ ಯಂತ್ರಗಳು ಸಾಲಾಗಿ ಹಾಗೆಯೇ ಇವೆ. ಸಾರ್ವಜನಿಕ ಶೌಚಾಲಯದ ಅಮೃತಶಿಲೆಯ ಸಾಲುಪೀಠದ ಮೇಲೆ ಮಕ್ಕಳು ಕುಳಿತು ಫೋಟೊ ತೆಗೆಸಿಕೊಳ್ಳದೆ ಬಿಡುವುದಿಲ್ಲ.

ಎರಡನೆಯ ದಿನ ಕೊಲೋಸಿಯಂ, ಪ್ಯಾಲಟೈನ್, ಫೋರಂ

ಕೊಲೋಸಿಯಂಗೆ ಬೆಳಗಿನ ಮೊದಲ ಪ್ರವೇಶ ಸಮಯವನ್ನೇ ಹಿಡಿಯಿರಿ. ಚಕ್ರವರ್ತಿ ವೆಸ್ಪೇಸಿಯನ್ ಆರಂಭಿಸಿ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ ಈ ಕಟ್ಟಡ ನೀರೋ ತನ್ನ ಅರಮನೆಗೆಂದು ತೋಡಿಸಿದ್ದ ಕೊಳದ ಜಾಗದಲ್ಲಿ ಎದ್ದಿತು. ಜನರಿಂದ ಕಿತ್ತುಕೊಂಡ ನೆಲವನ್ನು ಜನರ ಮೋಜಿಗೆ ಹಿಂದಿರುಗಿಸಿದೆವು ಎಂಬ ರಾಜಕೀಯ ಅದರಲ್ಲಿತ್ತು. ಒಳಗೆ ಹೋಗುವ ಮೊದಲು ಹೊರಗೋಡೆ ಎತ್ತರವಾಗಿ ಉಳಿದಿರುವ ಉತ್ತರ ಭಾಗದಲ್ಲಿ ನಿಂತು ಕಮಾನುಗಳ ನೆತ್ತಿ ನೋಡಿ. ಬಾಗಿಲುಗಳ ಕ್ರಮಸಂಖ್ಯೆ ರೋಮನ್ ಅಂಕಿಯಲ್ಲಿ ಕೆತ್ತಿದೆ, 23ರಿಂದ 54ರವರೆಗಿನವು ಉಳಿದಿವೆ. ಸುಮಾರು ಐವತ್ತು ಸಾವಿರ ಜನರನ್ನು ನೂಕುನುಗ್ಗಲಿಲ್ಲದೆ ಕೂರಿಸುತ್ತಿದ್ದ ವ್ಯವಸ್ಥೆಯ ಗುಟ್ಟು ಆ ಅಂಕಿಗಳಲ್ಲಿದೆ. ಗೋಡೆಯ ತುಂಬ ಸಿಡುಬಿನ ಕಲೆಯಂಥ ಕುಳಿಗಳಿವೆಯಲ್ಲ, ಅವು ಗುಂಡಿನ ಗುರುತಲ್ಲ. ಕಲ್ಲುಗಳನ್ನು ಬಂಧಿಸಿದ್ದ ಕಬ್ಬಿಣದ ಕೊಕ್ಕೆಗಳನ್ನು ಮಧ್ಯಯುಗದಲ್ಲಿ ಕೊರೆದು ಕದ್ದ ಗುರುತು.

ಒಳಗೆ ಒಂದೂವರೆ ಗಂಟೆ ಸಾಕು. ನೆಲಮಾಳಿಗೆಗೆ ಇಳಿಯುವ ವಿಶೇಷ ಟಿಕೆಟ್ ಸಿಕ್ಕರೆ ತೆಗೆದುಕೊಳ್ಳಿ, ಪ್ರಾಣಿಗಳನ್ನು ಮೇಲಕ್ಕೆತ್ತುತ್ತಿದ್ದ ಲಿಫ್ಟುಗಳ ಜಾಗ ಅಲ್ಲಿಯೇ ಇರುವುದು. ಸಿಗದಿದ್ದರೆ ಕೊರಗಬೇಡಿ. ಹೊರಗಿನಷ್ಟು ಒಳಗೆ ಹೊಟ್ಟೆ ತುಂಬುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಡುಹಗಲಿಗೆ ಸಾನ್ ಗ್ರೆಗೊರಿಯೊ ಬೀದಿಯ ಬಾಗಿಲಿನಿಂದ ಪ್ಯಾಲಟೈನ್ ಗುಡ್ಡ ಹತ್ತಿ. ಅಲ್ಲಿ ಮರಗಳಿವೆ, ನೆರಳಿದೆ, ಚಕ್ರವರ್ತಿಗಳ ಅರಮನೆಗಳ ಬೃಹತ್ ಗೋಡೆಗಳಿವೆ. ಬಿಸಿಲು ಇಳಿಯುವ ಹೊತ್ತಿಗೆ ಫೋರಂಗೆ ಇಳಿಯಿರಿ. ಮಾಮೂಲಿ ಟಿಕೆಟ್‌ನಲ್ಲಿ ಗುಡ್ಡ ಮತ್ತು ಫೋರಂ ಎರಡಕ್ಕೂ ಸೇರಿ ಒಂದೇ ಪ್ರವೇಶ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ತಿಂಡಿ ಚೀಲದಲ್ಲಿರಲಿ.

ಫೋರಂನಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ, ನಾಲ್ಕು ಜಾಗ ಸಾಕು. ಟೈಟಸ್‌ನ ಕಮಾನಿನ ಒಳಮೈಯಲ್ಲಿ ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯದಿಂದ ಕೊಳ್ಳೆ ಹೊಡೆದ ಏಳು ಕವಲಿನ ದೀಪಸ್ತಂಭವನ್ನು ಹೊತ್ತು ತರುವ ಮೆರವಣಿಗೆ ಕೆತ್ತಿದೆ. ಅಂಟೊನೈನಸ್ ಮತ್ತು ಫಾಸ್ಟಿನಾ ಗುಡಿಯ ಮುಂದೆ ನಿಂತು ಅದರ ಬಾಗಿಲು ನೋಡಿ: ನೆಲದಿಂದ ಹಲವು ಮೀಟರ್ ಮೇಲೆ ಗಾಳಿಯಲ್ಲಿ ತೂಗುತ್ತಿದೆ. ಗುಡಿ ಚರ್ಚಾದಾಗ, ಬಾಗಿಲು ಇಟ್ಟಾಗ ನೆಲದ ಮಟ್ಟ ಅಲ್ಲಿತ್ತು. ಅಷ್ಟು ಮಣ್ಣಿನ ಅಡಿಯಲ್ಲಿ ಫೋರಂ ಹೂತಿತ್ತು, ಮೇಲೆ ದನ ಮೇಯುತ್ತಿದ್ದವು. ದನದ ಬಯಲು ಎಂಬುದೇ ಶತಮಾನಗಳ ಕಾಲ ಅದರ ಹೆಸರು. ಮೂರನೆಯದು ಸೀಸರ್‌ನ ದೇಹವನ್ನು ಸುಟ್ಟ ಸ್ಥಳದ ಗುಡಿ. ತಗಡಿನ ಚಾವಣಿಯ ಕೆಳಗೆ ಒಂದು ಮಣ್ಣಿನ ದಿಬ್ಬ, ಈಗಲೂ ಯಾರೋ ಹೂವಿಟ್ಟು ಹೋಗುತ್ತಾರೆ.

ನಾಲ್ಕನೆಯದು ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು, ಕ್ರಿ.ಶ. 203ರದು. ಅದರ ಶಾಸನದ ನಾಲ್ಕನೆಯ ಸಾಲನ್ನು ದಿಟ್ಟಿಸಿ ನೋಡಿ. ಅಕ್ಷರಗಳ ಕೆಳಗೆ ಬೇರೆ ಅಕ್ಷರಗಳ ಮೊಳೆತೂತುಗಳಿವೆ. ಅಲ್ಲಿ ಚಕ್ರವರ್ತಿಯ ಕಿರಿಯ ಮಗ ಗೀಟಾನ ಹೆಸರಿತ್ತು. ತಂದೆ ಸತ್ತ ವರ್ಷದೊಳಗೇ ಅಣ್ಣ ಕಾರಕಲ್ಲಾ ತಮ್ಮನನ್ನು ಕೊಲ್ಲಿಸಿದ, ಸಾಮ್ರಾಜ್ಯದುದ್ದಕ್ಕೂ ಅವನ ಹೆಸರು ಒರೆಸಿಸಿದ. ಕಂಚಿನ ಅಕ್ಷರ ಕಿತ್ತರೂ ತೂತು ಉಳಿಯಿತು. ಫೋರಂನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಈ ತೂತುಗಳೇ.

ಹೊರಡುವ ಮುನ್ನ ಮ್ಯಾಕ್ಸೆಂಟಿಯಸ್ ಬೆಸಿಲಿಕ ಎಂಬ ಸಭಾಭವನದ ಮೂರು ದೈತ್ಯ ಕಮಾನುಗಳ ಕಡೆ ತಿರುಗಿ. ಅದರ ಬುಡದಲ್ಲಿ ಡೊಮಿಷಿಯನ್ ಕಟ್ಟಿಸಿದ ಮೆಣಸಿನ ಉಗ್ರಾಣಗಳಿದ್ದವು. ಮೆಣಸು ಬರುತ್ತಿದ್ದುದು ನಮ್ಮ ಪಶ್ಚಿಮ ಘಟ್ಟದ ಕರಾವಳಿಯಿಂದ, ಹಿಂಗಾರು ಗಾಳಿ ಹಿಡಿದು ಕೆಂಪು ಸಮುದ್ರ ದಾಟಿ. ಆ ಕಾಲದ ರೋಮನ್ ಲೇಖಕ ಹಿರಿಯ ಪ್ಲಿನಿ ತನ್ನ ಗ್ರಂಥದಲ್ಲಿ ಭಾರತ ಪ್ರತಿ ವರ್ಷ ಐದು ಕೋಟಿ ಸೆಸ್ಟರ್ಷಿಯಸ್ ನಾಣ್ಯ ಹೀರುತ್ತಿದೆ ಎಂದು ಗೊಣಗುತ್ತಾನೆ. ಕರಿಮೆಣಸು ಪೌಂಡಿಗೆ ನಾಲ್ಕು ದಿನಾರಿಯಸ್ ಎಂದು ಬೆಲೆಯನ್ನೂ ಬರೆದಿಟ್ಟಿದ್ದಾನೆ. ಹಾಗೆ ಹರಿದ ಹಣದ ಒಂದಷ್ಟು ಅಗಸ್ಟಸ್, ಟೈಬೀರಿಯಸ್ ಮುದ್ರೆಯ ಬೆಳ್ಳಿ ನಾಣ್ಯಗಳಾಗಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿದೆ. ಈಜಿಪ್ಟಿನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತಿದೆಯೇ ಎಂಬ ವಾದ ಇನ್ನೂ ಬಗೆಹರಿದಿಲ್ಲ. ನಾಣ್ಯಗಳ ವಿಷಯದಲ್ಲಿ ವಾದವೇ ಇಲ್ಲ.

ಉಳಿದ ದಿನಗಳಲ್ಲಿ ರೋಮ್

ಪ್ಯಾಂಥಿಯಾನ್ ಬಿಡುವಂತಿಲ್ಲ. ಗುಮ್ಮಟದ ವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಗೂ ಅಷ್ಟೇ. ಒಂದು ತುಂಡು ಕಬ್ಬಿಣದ ಸರಳೂ ಇಲ್ಲದ ಕಾಂಕ್ರೀಟು. ಕೆಳಗೆ ಭಾರದ ಕಲ್ಲುಚೂರು, ಮೇಲಕ್ಕೆ ಹೋದಂತೆ ಹಗುರವಾದ ಜ್ವಾಲಾಮುಖಿ ಕಲ್ಲು ಬೆರೆಸಿದ್ದಾರೆ. ನೆತ್ತಿಯ ಕಿಂಡಿಯಿಂದ ಮಳೆ ಒಳಗೇ ಸುರಿಯುತ್ತದೆ, ನೆಲದ ಸಣ್ಣ ರಂಧ್ರಗಳಲ್ಲಿ ಇಳಿದುಹೋಗುತ್ತದೆ. ರೋಮ್ ಸ್ಥಾಪನೆಯ ದಿನವೆಂದು ನಂಬುವ ಏಪ್ರಿಲ್ 21ರ ನಡುಹಗಲಿಗೆ ಕಿಂಡಿಯ ಬೆಳಕು ನೇರ ಬಾಗಿಲಿನ ಮೇಲೆ ಬೀಳುತ್ತದೆ. ಪ್ರವಾಸ ಆ ದಿನಕ್ಕೆ ಹೊಂದಿದರೆ ಹೊಂದಿಸಿಕೊಳ್ಳಿ. ಇದು ಕ್ರಿ.ಶ. 609ರಿಂದ ಚರ್ಚು, ಮೈ ಮುಚ್ಚುವ ಬಟ್ಟೆ ಇರಲಿ.

ಟ್ರಾಜನ್‌ನ ಸ್ತಂಭ, ಅದರ ಪಕ್ಕದ ಚಕ್ರವರ್ತಿಗಳ ಫೋರಂಗಳು ರಸ್ತೆಯಿಂದಲೇ ಕಾಣುತ್ತವೆ. ಕ್ಯಾಪಿಟೊಲೈನ್ ಗುಡ್ಡದ ಹಿಂಬದಿಯಿಂದ ಇಡೀ ಫೋರಂ ಬಿಟ್ಟಿಯಾಗಿ ನೋಡಬಹುದು, ಸಂಜೆ ಅಲ್ಲಿಗೆ ಹೋಗಿ. ಒಂದು ಭಾನುವಾರ ಸಿಕ್ಕರೆ ಕ್ರಿ.ಪೂ. 312ರಲ್ಲಿ ಆರಂಭವಾದ ಆಪಿಯನ್ ಹೆದ್ದಾರಿಯ ಮೇಲೆ ಎರಡು ಗಂಟೆ ನಡೆಯಿರಿ. ಕಾರಕಲ್ಲಾ ಸ್ನಾನಗೃಹಗಳು ಆ ದಾರಿಯಲ್ಲೇ ಬರುತ್ತವೆ, ಜನಜಂಗುಳಿ ಇರುವುದಿಲ್ಲ. ತಮ್ಮನನ್ನು ಕೊಲ್ಲಿಸಿದವನೇ ಊರಿಗೆ ಬಿಸಿನೀರು ಕೊಟ್ಟ.

ಕಾಲು, ನೀರು, ಊಟ

ಗಟ್ಟಿ ಅಡಿಯ, ಈಗಾಗಲೇ ಪಳಗಿದ ಬೂಟು ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಪಾಂಪೇಯಿ ಸುತ್ತಿದವರ ಕಣಕಾಲು ಸಂಜೆಗೆ ಊದಿರುತ್ತದೆ. ನೀರು ಕೊಳ್ಳಬೇಡಿ. ರೋಮ್‌ನ ಬೀದಿಗಳಲ್ಲಿ ಸದಾ ಹರಿಯುವ ಕಬ್ಬಿಣದ ನಲ್ಲಿಗಳಿವೆ, ಕುಡಿಯಲು ಯೋಗ್ಯ, ತಣ್ಣಗಿರುತ್ತದೆ. ಕಾಗದದ ಬಸ್ ಟಿಕೆಟ್ ಕೊಂಡರೆ ಸಾಲದು, ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಇಲ್ಲದಿದ್ದರೆ ದಂಡ. ರೈಲು ನಿಲ್ದಾಣ ಮತ್ತು ಕಿಕ್ಕಿರಿದ ಮೆಟ್ರೊದಲ್ಲಿ ಜೇಬುಗಳ್ಳರಿದ್ದಾರೆ. ಕೊಲೋಸಿಯಂ ಸುತ್ತ ಸೈನಿಕನ ವೇಷ ಹಾಕಿ ಫೋಟೊಗೆ ಕರೆಯುವವರು ಆಮೇಲೆ ಹಣ ಕೇಳುತ್ತಾರೆ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಮರಿನಾರಾ ಪಿಜ್ಜಾದಲ್ಲಿ ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ, ಚೀಸ್ ಕೂಡ ಇಲ್ಲ. ರೋಮ್‌ನ ಯೆಹೂದಿ ಬಡಾವಣೆಯ ಕರಿದ ಆರ್ಟಿಚೋಕ್ ರುಚಿ ನೋಡಲೇಬೇಕು. ಕಾಚೊ ಎ ಪೇಪೆ ಎಂಬ ಪಾಸ್ತಾದಲ್ಲಿ ಚೀಸು ಮತ್ತು ಧಾರಾಳ ಕರಿಮೆಣಸು. ಆದರೆ ಕಟ್ಟುನಿಟ್ಟಿನವರು ತಿಳಿದಿರಲಿ: ಪೆಕೊರಿನೊ, ಪಾರ್ಮಿಜಾನೊ ಚೀಸುಗಳಿಗೆ ಹಾಲು ಒಡೆಯಲು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಸೂಪುಗಳಲ್ಲಿ ಮಾಂಸದ ಸಾರು ಇರಬಹುದು. ‘ಸೆಂಜಾ ಕಾರ್ನೆ, ಸೆಂಜಾ ಪೆಷೆ’ ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ. ನಿಧಾನವಾಗಿ, ನಗುತ್ತಾ ಹೇಳಿ.

ನೇಪಲ್ಸ್‌ಗೆ ಬಂದ ಮೇಲೆ: ಮೊದಲು ಹರ್ಕ್ಯುಲೇನಿಯಂ, ಆಮೇಲೆ ಪಾಂಪೇಯಿ

ನೇಪಲ್ಸ್‌ನ ಗರಿಬಾಲ್ಡಿ ನಿಲ್ದಾಣದಿಂದ ವೆಸುವಿಯಸ್ ಸುತ್ತುವ ಹಳೆಯ ಲೋಕಲ್ ರೈಲು ಹೊರಡುತ್ತದೆ. ಹರ್ಕ್ಯುಲೇನಿಯಂಗೆ ಇಳಿಯುವ ಎರ್ಕೊಲಾನೊ ಸ್ಕಾವಿ ನಿಲ್ದಾಣ ಇಪ್ಪತ್ತು ನಿಮಿಷ, ಪಾಂಪೇಯಿ ಸ್ಕಾವಿ ಸುಮಾರು ನಲವತ್ತು. ರೈಲು ಕೊಳಕು, ಇಕ್ಕಟ್ಟು. ಚೀಲವನ್ನು ಎದೆಯ ಮುಂದೆ ಹಾಕಿಕೊಳ್ಳಿ.

ಕ್ರಿ.ಶ. 79ರಲ್ಲಿ ವೆಸುವಿಯಸ್ ಎರಡೂ ಊರುಗಳನ್ನು ಕೊಂದದ್ದು ಒಂದೇ ಬಗೆಯಲ್ಲಿ ಅಲ್ಲ. ಪಾಂಪೇಯಿಯ ಮೇಲೆ ಗಂಟೆಗಟ್ಟಲೆ ಹಗುರ ಕಲ್ಲಿನ ಮಳೆ ಸುರಿಯಿತು, ಮಾಡುಗಳು ಕುಸಿದವು, ಆಮೇಲೆ ಬಿಸಿ ಬೂದಿಯ ಪ್ರವಾಹ ಬಂತು. ಹರ್ಕ್ಯುಲೇನಿಯಂ ಮೇಲೆ ಕಲ್ಲುಮಳೆ ಹೆಚ್ಚು ಬೀಳಲಿಲ್ಲ. ಸುಡುವ ಪ್ರವಾಹಗಳು ಒಂದರ ಹಿಂದೊಂದು ನುಗ್ಗಿ ಊರನ್ನು ಸುಮಾರು ಇಪ್ಪತ್ತು ಮೀಟರ್ ಆಳಕ್ಕೆ ಹೂತವು. ಅದರಿಂದ ಮೇಲಂತಸ್ತುಗಳು ನಿಂತವು, ಮರ ಇದ್ದಿಲಾಗಿ ಉಳಿಯಿತು. ಮರದ ತೊಲೆ, ಮಡಚುವ ತಡಿಕೆ, ಮಂಚ ಇಂದಿಗೂ ಇವೆ. ಊರು ಚಿಕ್ಕದು, ಮೂರು ಗಂಟೆಯಲ್ಲಿ ಮುಗಿಯುತ್ತದೆ. ಪೂರ್ತಿ ಮನೆ ಹೇಗಿತ್ತೆಂದು ಇಲ್ಲಿ ಕಂಡವರಿಗೆ ಪಾಂಪೇಯಿಯ ಮೋಟು ಗೋಡೆಗಳು ಮಾತಾಡುತ್ತವೆ. ಅದಕ್ಕೇ ಈ ಕ್ರಮ. ಕೊನೆಯಲ್ಲಿ ಹಳೆಯ ಕಡಲತೀರದ ದೋಣಿಮನೆಗಳ ಕಡೆ ಇಳಿಯುವಾಗ ಮಕ್ಕಳ ಕೈ ಹಿಡಿದಿರಿ. ದೋಣಿಗಾಗಿ ಕಾಯುತ್ತಾ ಸತ್ತ ಸುಮಾರು ಮುನ್ನೂರು ಜನರ ಅಸ್ಥಿಗಳು ಸಿಕ್ಕಿದ ಜಾಗ ಅದು.

ಪಾಂಪೇಯಿ ಒಟ್ಟು 66 ಹೆಕ್ಟೇರ್, ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ. ಇಡೀ ದಿನ ಕೊಡಿ, ಆದರೂ ಮುಗಿಯುವುದಿಲ್ಲ. ಬಾಗಿಲು ತೆರೆಯುತ್ತಲೇ ಒಳಗೆ ಹೋಗಿ, ಎಲ್ಲರೂ ಮುತ್ತುವ ಮುಖ್ಯ ಚೌಕವನ್ನು ಬಿಟ್ಟು ನೇರ ದೂರದ ತುದಿಗೆ ನಡೆಯಿರಿ. ರೋಮ್‌ನ ಕೊಲೋಸಿಯಂಗಿಂತ ನೂರೈವತ್ತು ವರ್ಷ ಹಳೆಯ ಕಲ್ಲಿನ ರಂಗಸ್ಥಳ ಅಲ್ಲಿದೆ. ಕ್ರಿ.ಶ. 59ರಲ್ಲಿ ಪಕ್ಕದ ನುಸೇರಿಯಾ ಊರಿನವರೊಡನೆ ಇಲ್ಲಿ ಪ್ರೇಕ್ಷಕರೇ ಬಡಿದಾಡಿ ಹತ್ತು ವರ್ಷ ಆಟಗಳು ನಿಷೇಧವಾದವು. ಅಲ್ಲಿಂದ ಅಬಂಡನ್ಸ ಬೀದಿಯುದ್ದಕ್ಕೂ ಹಿಂದಕ್ಕೆ ಬನ್ನಿ: ಅಗಸರ ಅಂಗಡಿ, ಖಾನಾವಳಿ, ಗೋಡೆಯ ಮೇಲೆ ಇಂಥವನಿಗೆ ಮತ ಹಾಕಿ ಎಂಬ ಚುನಾವಣಾ ಬರಹ. ರಸ್ತೆಯ ನಡುವಿನ ಎತ್ತರದ ಕಲ್ಲುಗಳು ಕೊಚ್ಚೆ ತುಳಿಯದೆ ದಾಟಲು, ಅವುಗಳ ನಡುವಿನ ಸಂದು ಗಾಡಿಯ ಚಕ್ರ ಹೋಗಲು. ಚಕ್ರ ಸವೆಸಿದ ಗೆರೆಯಲ್ಲಿ ಕೈಯಿಟ್ಟು ನೋಡಿ.

ಮನೆಗಳ ಒಳಗೆ ಹೋದಾಗ ಕನ್ನಡಿಗರಿಗೆ ವಿವರಣೆಯೇ ಬೇಡ. ನಡುವೆ ಆಕಾಶಕ್ಕೆ ತೆರೆದ ಮಾಡು, ಕೆಳಗೆ ಮಳೆನೀರಿನ ತೊಟ್ಟಿ, ಸುತ್ತ ಪಡಸಾಲೆ ಮತ್ತು ಕೋಣೆಗಳು: ಇದು ನಮ್ಮ ತೊಟ್ಟಿಮನೆಯೇ. 2023ರಲ್ಲಿ ಮತ್ತೆ ತೆರೆದ ವೆಟ್ಟಿ ಮನೆಯನ್ನು ತಪ್ಪಿಸಬೇಡಿ. ಅದರ ಒಡೆಯರು ಗುಲಾಮಗಿರಿಯಿಂದ ಬಿಡುಗಡೆಯಾಗಿ ವ್ಯಾಪಾರದಲ್ಲಿ ಹಣ ಮಾಡಿದವರೆಂದು ವಿದ್ವಾಂಸರ ಊಹೆ, ಗೋಡೆಯ ತುಂಬ ಹೊಸ ಶ್ರೀಮಂತಿಕೆಯ ಬಣ್ಣ. ಕೊನೆಗೆ ಗೋಡೆಚಿತ್ರಗಳಿಗೆ ಹೆಸರಾದ, ಊರ ಹೊರಗಿನ ರಹಸ್ಯಗಳ ಬಂಗಲೆ. ಬೂದಿಯಲ್ಲಿ ದೇಹಗಳು ಕರಗಿ ಉಳಿದ ಪೊಳ್ಳಿಗೆ ಪ್ಲಾಸ್ಟರ್ ಸುರಿದು ಆಕೃತಿ ತೆಗೆಯುವ ವಿಧಾನವನ್ನು 1863ರಲ್ಲಿ ಫಿಯೊರೆಲ್ಲಿ ಕಂಡುಹಿಡಿದನು. ಆ ಆಕೃತಿಗಳ ಪಕ್ಕ ನಿಂತು ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವು ಶಿಲ್ಪಗಳಲ್ಲ.

ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ರಂಗಸ್ಥಳದ ಕಡೆಯ ಬಾಗಿಲಿನಿಂದ ಗಾಲಿಕುರ್ಚಿಗೂ ಸಾಧ್ಯವಾಗುವ ಸಮತಟ್ಟು ಹಾದಿ ಇದೆ. ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ. ನೆನಪಿಗೆಂದು ಕಲ್ಲಿನ ಚೂರು ಜೇಬಿಗೆ ಹಾಕಿಕೊಳ್ಳುವುದು ಅಪರಾಧ. ಕದ್ದವರು ವರ್ಷಗಳ ನಂತರ ಮನೆಯಲ್ಲಿ ಬರೀ ಕೇಡು ಎಂದು ಪತ್ರ ಬರೆದು ಅಂಚೆಯಲ್ಲಿ ಹಿಂದಿರುಗಿಸಿದ ಉದಾಹರಣೆಗಳಿವೆ.

ಸಂಗ್ರಹಾಲಯ ಕೊನೆಗೆ

ಅವಶೇಷಗಳನ್ನು ಮೊದಲು ನೋಡಿ, ನೇಪಲ್ಸ್‌ನ ಪುರಾತತ್ವ ಸಂಗ್ರಹಾಲಯವನ್ನು ಆಮೇಲೆ. ಖಾಲಿ ಗೋಡೆ ನೋಡಿ ಹುಟ್ಟಿದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ: ಚಿತ್ರಗಳು, ಪಾತ್ರೆಗಳು, ವೈದ್ಯರ ಉಪಕರಣ, ಇದ್ದಿಲಾದ ರೊಟ್ಟಿ. ಮೊಸಾಯಿಕ್ ಕೋಣೆಗಳಿಗೆ ಹೆಚ್ಚು ಹೊತ್ತು ಕೊಡಿ. ಆಮೇಲೆ ಗುಪ್ತ ಕೊಠಡಿ ಎಂದು ಕರೆಯುವ ವಿಭಾಗಕ್ಕೆ ಹೋಗಿ. ಶೃಂಗಾರದ ವಸ್ತುಗಳೆಂದು ಹಿಂದೆ ಬೀಗ ಹಾಕಿಡುತ್ತಿದ್ದ ಆ ಸಂಗ್ರಹದಲ್ಲಿ ಗೇಣುದ್ದದ ದಂತದ ಹೆಣ್ಣೊಬ್ಬಳಿದ್ದಾಳೆ. ಮೈತುಂಬ ಒಡವೆ, ಪಕ್ಕಕ್ಕೆ ಇಬ್ಬರು ಸೇವಕಿಯರು. 1938ರಲ್ಲಿ ಪಾಂಪೇಯಿಯ ಮನೆಯೊಂದರಲ್ಲಿ ಸಿಕ್ಕ ಭಾರತದ ಗೊಂಬೆ ಅದು. ಮೊದಲು ಲಕ್ಷ್ಮಿ ಎಂದರು, ಈಗ ಹೆಚ್ಚಿನವರು ಯಕ್ಷಿ ಎನ್ನುತ್ತಾರೆ. ಭಾರತಕ್ಕೆ ಹಣ ಹರಿಯುತ್ತಿದೆ ಎಂದು ಗೊಣಗಿದ ಪ್ಲಿನಿ ಇದೇ ಸ್ಫೋಟದಲ್ಲಿ, ಸಿಕ್ಕಿಕೊಂಡವರನ್ನು ಬಿಡಿಸಲು ಹಡಗಿನಲ್ಲಿ ಹೋಗಿ ಸ್ಟೇಬಿಯಾ ತೀರದಲ್ಲಿ ಸತ್ತನು.

ಇಟಲಿ ಸದ್ಯಕ್ಕೆ ಆಗದಿದ್ದರೆ

ರೋಮನ್ ಸಾಮ್ರಾಜ್ಯ ರೋಮ್‌ನಲ್ಲಿ ಮಾತ್ರ ಇರಲಿಲ್ಲ. ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಟ್ರಿಯರ್ ಊರಿನ ಕಪ್ಪು ಬಾಗಿಲು, ಬ್ರಿಟನ್ನಿನಲ್ಲಿರುವವರಿಗೆ ಬಾತ್ ಊರಿನ ಬಿಸಿನೀರಿನ ಕೊಳ ಮತ್ತು ಕ್ರಿ.ಶ. 122ರಲ್ಲಿ ಆರಂಭವಾದ ಹೇಡ್ರಿಯನ್ ಗೋಡೆ ವಾರಾಂತ್ಯದ ದೂರದಲ್ಲಿವೆ. ದಕ್ಷಿಣ ಫ್ರಾನ್ಸಿನ ನೀಮ್ ಹತ್ತಿರದ ಮೂರು ಅಂತಸ್ತಿನ ಕಲ್ಲುಕಾಲುವೆ, ಸ್ಪೇನಿನ ಸೆಗೋವಿಯಾ ಕಾಲುವೆ ಎರಡೂ ಬಹುಪಾಲು ಗಾರೆಯಿಲ್ಲದೆ ನಿಂತಿವೆ. ದುಬೈ, ದೋಹಾ ಕಡೆ ಇರುವವರು ಜೋರ್ಡಾನಿನ ಜೆರಾಶ್ ನೋಡಬಹುದು. ಕಂಬಸಾಲಿನ ಬೀದಿ, ಅಂಡಾಕಾರದ ಚೌಕ, ಎರಡು ನಾಟಕಶಾಲೆ ಒಂದೇ ಕಡೆ, ರಾಜಧಾನಿ ಅಮ್ಮಾನ್‌ನಿಂದ ಒಂದು ಗಂಟೆಯ ದಾರಿ. ಟರ್ಕಿಯ ಎಫೆಸಸ್‌ಗೆ ಹೋಗುವವರು ಇಜ್ಮೀರ್‌ನಲ್ಲಿ ಉಳಿಯಬೇಡಿ, ಪಕ್ಕದ ಸೆಲ್ಚುಕ್ ಊರಿನಲ್ಲಿ ತಂಗಿ. ಹಡಗಿನ ಪ್ರವಾಸಿಗರು ಬರುವ ಮೊದಲೇ ಅಲ್ಲಿನ ರೋಮನ್ ಕಾಲದ ಗ್ರಂಥಾಲಯದ ಮುಂದೆ ನಿಂತಿರುತ್ತೀರಿ.